ಪ್ರಳಯದ ದಿನವೂ ತೆರೆದಿರುವ ಕಚೇರಿ

ಲೋಕ ಮುಳುಗಿದ ಮರುದಿನ ತಹಸೀಲ್ದಾರ್ ಕಚೇರಿಗೆ ಬೀಗ ಬಿದ್ದಿರುತ್ತದೆ ಎಂದು ಕಾದಂಬರಿಕಾರರು ಯಾಕೆ ನಂಬುತ್ತಾರೋ ತಿಳಿಯದು. ಕಳೆದ ಎರಡು ದಶಕಗಳಲ್ಲಿ ಇಂಗ್ಲಿಷಿನಲ್ಲಿ ಸಾಲುಸಾಲಾಗಿ ಬಂದ ಪ್ರಳಯದ ಕಾದಂಬರಿಗಳಲ್ಲಿ ಹೆಚ್ಚಿನವು ನಿಂತಿರುವುದು ಈ ನಂಬಿಕೆಯ ಮೇಲೆಯೇ. ಒಂದು ರೋಗ, ಒಂದು ಬಾಂಬು, ಇಲ್ಲವೆ ಹೆಸರೇ ಇಲ್ಲದ ಒಂದು ಬೆಂಕಿ; ಅಷ್ಟಕ್ಕೆ ಸರ್ಕಾರ ಮಾಯ, ಸಾಲ ಕೊಟ್ಟವನು ಮಾಯ, ಹೊಲದ ಬದುವಿನ ಜಗಳ ಮಾಯ. ಉಳಿದ ನಾಲ್ಕು ಜನ ಖಾಲಿ ರಸ್ತೆ ಹಿಡಿದು ನಡೆಯುತ್ತಾರೆ.

ಕಾರ್ಮ್ಯಾಕ್ ಮೆಕಾರ್ಥಿಯ ‘ದಿ ರೋಡ್’ (2006) ಇವುಗಳಿಗೆಲ್ಲ ಹಿರಿಯಣ್ಣ. ಮರುವರ್ಷ ಪುಲಿಟ್ಜರ್ ಪಡೆದ ಪುಸ್ತಕ. ಬೂದಿ ಮುಚ್ಚಿದ ನೆಲದಲ್ಲಿ ಅಪ್ಪ ಮಗ ಇಬ್ಬರೇ ಅಂಗಡಿಯ ತಳ್ಳುಗಾಡಿ ದೂಡಿಕೊಂಡು ದಕ್ಷಿಣಕ್ಕೆ ಹೋಗುತ್ತಾರೆ. ಗದ್ಯದ ಬಗ್ಗೆ ಎರಡು ಮಾತಿಲ್ಲ. ನೆಲಮಾಳಿಗೆಯೊಂದರಲ್ಲಿ ಅವರಿಗೆ ಡಬ್ಬಿಗಟ್ಟಲೆ ಆಹಾರ ಸಿಗುವ ಭಾಗ ಓದುವಾಗ ನಮಗೇ ಹಸಿವಾಗುತ್ತದೆ. ಆದರೆ ಆ ಹುಡುಗನಿಗೆ ಸೋದರಮಾವನಿಲ್ಲ, ಆ ಅಪ್ಪನಿಗೆ ತೀರಿಸಬೇಕಾದ ಬಾಕಿಯಿಲ್ಲ. ಎಲ್ಲ ಋಣವೂ ಸುಟ್ಟುಹೋದ ಲೋಕ ಭಯಂಕರವೆಂದು ಲೇಖಕ ಹೇಳಿದರೂ ಒಳಗೊಳಗೆ ಅದೊಂದು ಬಿಡುಗಡೆ. ನನ್ನ ತಕರಾರು ಇಲ್ಲಿಯೇ. ಎಲ್ಲರೂ ಒಟ್ಟಿಗೆ ಮುಳುಗುವ, ಮುಳುಗಿ ಸಮಾನರಾಗುವ ಕಥೆ ಓದುಗನನ್ನು ಹೆದರಿಸುವಂತೆ ನಟಿಸಿ ಸಮಾಧಾನಪಡಿಸುತ್ತದೆ. ಕೇಡು ನಿಜವಾಗಿ ಬಂದಾಗ ಮೊದಲು ಆಗುವ ಕೆಲಸ ಪಟ್ಟಿ ಬರೆಯುವುದು: ಯಾರ ಹೆಸರು ಒಳಗೆ, ಯಾರ ಹೆಸರು ಹೊರಗೆ.

ಕಲಬುರಗಿಯ ಮಗ್ಗುಲಿನ ಶರಣಸಿರಸಗಿಯಲ್ಲಿ ಕೂತು ಇದನ್ನು ಹೇಳುವುದಕ್ಕೆ ಕಾರಣವಿದೆ. 2020ರ ಫೆಬ್ರುವರಿ 5ರಿಂದ 7ರವರೆಗೆ ಗುಲಬರ್ಗಾ ವಿಶ್ವವಿದ್ಯಾಲಯದ ಆವರಣದಲ್ಲಿ 85ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಎಚ್.ಎಸ್. ವೆಂಕಟೇಶಮೂರ್ತಿ ಅಧ್ಯಕ್ಷರು. ಪುಸ್ತಕದ ಮಳಿಗೆಗಳಲ್ಲಿ ಕಾಲಿಡಲು ಜಾಗವಿಲ್ಲ, ಊಟದ ಸಾಲಿನಲ್ಲಿ ಒಬ್ಬರ ಉಸಿರು ಇನ್ನೊಬ್ಬರ ಕುತ್ತಿಗೆಗೆ. ಮಾರ್ಚ್ 10ಕ್ಕೆ ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. 12ಕ್ಕೆ ವರದಿ ಖಚಿತವಾಯಿತು. ಅದು ಭಾರತದ ಮೊದಲ ಕೋವಿಡ್ ಸಾವು. ಅಷ್ಟು ದಿನ ಟಿ.ವಿ.ಯಲ್ಲಿ ಬಿಸಿಲಿನ ಸುದ್ದಿಗೆ ಮಾತ್ರ ಬರುತ್ತಿದ್ದ ಕಲಬುರಗಿಯ ಹೆಸರು ದೇಶವಿಡೀ ಕೇಳಿಸಿತು.

ಕಾದಂಬರಿಗಳ ಪ್ರಕಾರ ಇಲ್ಲಿಂದ ಮುಂದೆ ಅರಾಜಕತೆ ಶುರುವಾಗಬೇಕಿತ್ತು. ಆದದ್ದು ತದ್ವಿರುದ್ಧ. ಕಾಗದ ಹೆಚ್ಚಾಯಿತು. ಹೊರಗಿನಿಂದ ಬಂದವರ ಪಟ್ಟಿ, ಅವರನ್ನು ಮುಟ್ಟಿದವರ ಪಟ್ಟಿ, ಮುಟ್ಟಿದವರನ್ನು ಮುಟ್ಟಿದವರ ಪಟ್ಟಿ. ಮುಂಗೈ ಮೇಲೆ ಅಳಿಸದ ಶಾಯಿಯ ಮುದ್ರೆ, ಅದರಲ್ಲಿ ಮನೆಬಿಟ್ಟು ಹೊರಬರಬಾರದ ತಾರೀಖು. ಗಲ್ಲಿಯ ಬಾಯಿಗೆ ತಗಡು. ಹಾಲಿಗೊಂದು ಪಾಸು, ಔಷಧಕ್ಕೊಂದು ಪಾಸು. ಮುಂಬೈ, ಪುಣೆಗೆ ಗುಳೆ ಹೋಗಿದ್ದವರು ಮೇ ತಿಂಗಳಲ್ಲಿ ತಿರುಗಿ ಬಂದಾಗ ಅವರನ್ನು ಊರ ಶಾಲೆಗಳಲ್ಲಿ, ಹಾಸ್ಟೆಲ್‌ಗಳಲ್ಲಿ ಇಟ್ಟರು. ಕಟ್ಟಡ ಕಟ್ಟಲು ಹೋದವರು ತಾವೇ ಓದು ಬಿಟ್ಟುಹೋದ ಕೋಣೆಯ ಕರಿಹಲಗೆಯ ಕೆಳಗೆ ಮಲಗಿದರು. ಇದನ್ನು ಯಾವ ಡಿಸ್ಟೋಪಿಯಾ ಕಾದಂಬರಿಯಲ್ಲೂ ನಾನು ಓದಿಲ್ಲ.

ಅದೇ ಮೇ 5ರಂದು ಇನ್ನೊಂದು ಸಂಗತಿ ನಡೆಯಿತು. ಬೆಂಗಳೂರಿನಲ್ಲಿ ಸಿಕ್ಕಿಹಾಕಿಕೊಂಡಿದ್ದ ಉತ್ತರ ಭಾರತದ ಕೂಲಿಗಳಿಗಾಗಿ ಶ್ರಮಿಕ ರೈಲುಗಳು ಹೊರಡುವುದಿತ್ತು. ಮುಖ್ಯಮಂತ್ರಿಗಳ ಜೊತೆ ಬಿಲ್ಡರ್‌ಗಳ ಸಭೆ ಆದ ಮೇಲೆ ಆ ರೈಲುಗಳು ಬೇಡವೆಂದು ರಾಜ್ಯ ಸರ್ಕಾರ ರೈಲ್ವೆಗೆ ಪತ್ರ ಬರೆಯಿತು. ಟೀಕೆ ಜೋರಾದ ಮೇಲೆ ತೀರ್ಮಾನ ಹಿಂದೆ ಪಡೆಯಿತು. ರೈಲಿತ್ತು, ಹಳಿಯಿತ್ತು, ಡ್ರೈವರ್ ಇದ್ದ, ಹತ್ತುವವರೂ ಇದ್ದರು. ಮುರಿದದ್ದು ಏನೂ ಇರಲಿಲ್ಲ. ತಳ್ಳುಗಾಡಿ ದೂಡುವ ಅಪ್ಪನಿಗಿಂತ ಆ ಪತ್ರ ಟೈಪು ಮಾಡಿದ ಗುಮಾಸ್ತನ ಕಥೆ ಓದಲು ನಾನು ಹೆಚ್ಚು ದುಡ್ಡು ಕೊಡುತ್ತೇನೆ.

ಕನ್ನಡದಲ್ಲಿ ಇಂಥ ಕಾದಂಬರಿ ಬಂದಿಲ್ಲವೆಂದು ಗೊಣಗುವವರು ಅನಂತಮೂರ್ತಿಯವರ ‘ಸಂಸ್ಕಾರ’ವನ್ನು (1965) ಮತ್ತೊಮ್ಮೆ ತೆರೆದು ನೋಡಲಿ. ದೂರ್ವಾಸಪುರದಲ್ಲಿ ಇಲಿ ಬೀಳುತ್ತವೆ, ಮಾಡಿನ ಮೇಲೆ ಹದ್ದು ಕೂರುತ್ತವೆ, ಪ್ಲೇಗು ಒಂದೊಂದೇ ಮನೆ ಹೊಕ್ಕುತ್ತದೆ. ಊರಿಗೆ ಊರೇ ಅಳಿಯುವ ಹೊತ್ತಿನಲ್ಲಿ ಅಗ್ರಹಾರದವರ ಚರ್ಚೆ ಒಂದೇ: ಆಚಾರ ಮುರಿದು ಬದುಕಿ ಸತ್ತ ನಾರಣಪ್ಪನ ಹೆಣ ಸುಡುವ ಅಧಿಕಾರ ಯಾರದು? ಪ್ರಾಣೇಶಾಚಾರ್ಯರು ಗ್ರಂಥ ತಿರುವುತ್ತಾರೆ. ಕೊನೆಗೆ ನಾರಣಪ್ಪನ ಜೊತೆ ಬಾಳಿದ ಚಂದ್ರಿ ಗಾಡಿಯ ಅಹ್ಮದ್ ಬ್ಯಾರಿಯನ್ನು ಕರೆತಂದು ರಾತ್ರೋರಾತ್ರಿ ಸುಡಿಸುತ್ತಾಳೆ. ಹಗಲಿನ ಚರ್ಚೆ ಮಾತ್ರ ಮುಂದುವರಿಯುತ್ತದೆ. ರೋಗ ಬಂದರೆ ಕಟ್ಟಳೆ ಕುಸಿಯುವುದಿಲ್ಲ, ಇನ್ನೂ ಬಿಗಿಯಾಗುತ್ತದೆ ಎಂಬುದನ್ನು ಅನಂತಮೂರ್ತಿ ಐವತ್ತೈದು ವರ್ಷ ಮೊದಲೇ ಕಂಡಿದ್ದರು. ಕೋವಿಡ್ ಕಾಲದಲ್ಲಿ ಮನೆಯವರೇ ಹತ್ತಿರ ಬಾರದ ಹೆಣಗಳನ್ನು ಹಲವು ಊರುಗಳಲ್ಲಿ ಯಾರು ಯಾರೋ, ಯಾವ ಯಾವ ಜಾತಿ ಧರ್ಮದವರೋ ಮಣ್ಣು ಮಾಡಿದರಲ್ಲ, ಆಗ ಆ ಗಾಡಿಯ ನೆನಪಾಗದ ಕನ್ನಡ ಓದುಗ ಕಡಿಮೆ.

ಎಮಿಲಿ ಸೇಂಟ್ ಜಾನ್ ಮ್ಯಾಂಡೆಲ್‌ಳ ‘ಸ್ಟೇಷನ್ ಇಲೆವೆನ್’ (2014) ಬಗ್ಗೆ ನನಗೆ ಅಷ್ಟು ಸಿಟ್ಟಿಲ್ಲ. ಜ್ವರವೊಂದು ಬಂದು ಹೆಚ್ಚುಕಡಿಮೆ ಎಲ್ಲರೂ ಸತ್ತ ಮೇಲೆ ಒಂದು ನಾಟಕ ತಂಡ ಕುದುರೆ ಕಟ್ಟಿದ ಟ್ರಕ್ಕುಗಳಲ್ಲಿ ಊರೂರು ಸುತ್ತಿ ಷೇಕ್ಸ್‌ಪಿಯರ್ ಆಡುತ್ತದೆ. ಅಮೆರಿಕದ ವಿಮರ್ಶಕರಿಗೆ ಈ ಕಲ್ಪನೆ ಬಹಳ ಹೊಸದೆನಿಸಿತು. ಬನಶಂಕರಿ ಜಾತ್ರೆಯಲ್ಲಿ ತಗಡಿನ ಥಿಯೇಟರಿನ ಮುಂದೆ ನಿಂತು ಟಿಕೆಟ್ ಕೊಂಡವರಿಗೆ ಅದರಲ್ಲಿ ಹೊಸತೇನಿಲ್ಲ. ನಮ್ಮ ಕಂಪನಿ ನಾಟಕದವರು ಬರ ನೋಡಿದರು, ಸಿನಿಮಾ ನೋಡಿದರು, ಟಿ.ವಿ. ನೋಡಿದರು, ಪ್ರತಿಯೊಂದೂ ಅವರ ಪಾಲಿಗೆ ಒಂದೊಂದು ಪ್ರಳಯ. ಆದರೂ ಆ ಕಾದಂಬರಿಯಲ್ಲಿ ಹಿಡಿಸುವ ಗುಣವೊಂದಿದೆ. ಉಳಿದವರು ಏನು ತಿಂದರು ಎಂಬುದರ ಜೊತೆಗೆ ಏನನ್ನು ಬಾಯಿಪಾಠ ಇಟ್ಟುಕೊಂಡರು ಎಂದೂ ಅದು ಕೇಳುತ್ತದೆ. ಕಲ್ಯಾಣದ ಕ್ರಾಂತಿ ಮುರಿದುಬಿದ್ದ ಮೇಲೆ ಶರಣರು ವಚನದ ಕಟ್ಟು ಹೊತ್ತು ಉಳವಿಯತ್ತ ನಡೆದರೆಂಬ ನಂಬಿಕೆ ಇರುವ ನಾಡು ನಮ್ಮದು. ಆ ಕಟ್ಟುಗಳನ್ನು ಮನೆಮನೆ ಹುಡುಕಿ ಫ.ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚು ಹಾಕಿಸಿದ್ದು 1923ರಲ್ಲಿ, ಏಳೂವರೆ ಶತಮಾನ ಕಳೆದ ಮೇಲೆ. ಮ್ಯಾಂಡೆಲ್‌ಳ ತಂಡದ ಕಥೆಯಲ್ಲಿ ಜ್ವರ ಬಂದು ಕಳೆದಿರುವುದು ಇಪ್ಪತ್ತೇ ವರ್ಷ.

ಇನ್ನು ಬಿಸಿಲು. ಈ ವಿಷಯದಲ್ಲಿ ಮಾತಾಡಲು ಕಲಬುರಗಿಯವರಿಗೆ ಯಾರ ಅಪ್ಪಣೆಯೂ ಬೇಡ. ಕಿಮ್ ಸ್ಟ್ಯಾನ್ಲಿ ರಾಬಿನ್ಸನ್‌ನ ‘ದಿ ಮಿನಿಸ್ಟ್ರಿ ಫಾರ್ ದಿ ಫ್ಯೂಚರ್’ (2020) ಶುರುವಾಗುವುದೇ ಉತ್ತರ ಪ್ರದೇಶದ ಒಂದು ಊರಿನ ಬಿಸಿಗಾಳಿಯಿಂದ. ಕರೆಂಟು ಹೋಗುತ್ತದೆ, ಜನ ಕೆರೆಗೆ ಇಳಿಯುತ್ತಾರೆ, ಕೆರೆಯ ನೀರೇ ಮೈಗಿಂತ ಬಿಸಿ. ಬೆಳಗಾಗುವಷ್ಟರಲ್ಲಿ ಊರೆಲ್ಲ ಹೆಣ. ಈ ಅಧ್ಯಾಯದ ಹಿಂದಿನ ವಿಜ್ಞಾನ ಪಕ್ಕಾ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರು 35 ಡಿಗ್ರಿ ತೋರಿಸಿತೆಂದರೆ ಬೆವರು ಆರಿದರೂ ಮೈ ಸಾಕಷ್ಟು ತಣಿಯಲಾರದೆಂದು ಅರ್ಥ. ಮೈ ಒಳಗಿನ ಕಾವು ಹೊರಹೋಗಲಾರದು, ನೆರಳಲ್ಲಿ ಸುಮ್ಮನೆ ಕೂತ ಗಟ್ಟಿಮುಟ್ಟಾದವನೂ ಕೆಲವು ತಾಸಿನಲ್ಲಿ ಸಾಯಬಹುದು. ನಮ್ಮ 43, 44 ಡಿಗ್ರಿಯಲ್ಲಿ ನಾವು ಬದುಕಿರುವುದು ಗಾಳಿ ಒಣಗಿರುವುದರಿಂದ. ಇಲ್ಲಿ ಬೆವರು ಬಂದದ್ದು ಕಾಣುವುದೇ ಇಲ್ಲ, ಸಂಜೆ ಅಂಗಿ ಬಿಚ್ಚಿದಾಗ ಬೆನ್ನ ಮೇಲೆ ಬಿಳಿ ಉಪ್ಪಿನ ಗೆರೆ ಕಾಣುತ್ತದೆ. ಮನೆಮನೆಯ ಕೂಲರ್ ಕೆಲಸ ಮಾಡುವುದೂ ಅದೇ ಲೆಕ್ಕದಲ್ಲಿ. ಜೂನಿನಲ್ಲಿ ಮೋಡ ಕಟ್ಟಿ ಗಾಳಿ ತೇವವಾದೊಡನೆ ಅದು ಬರೀ ಸದ್ದು ಮಾಡುವ ಡಬ್ಬಿ.

ರಾಬಿನ್ಸನ್ ಆ ಅಧ್ಯಾಯವನ್ನು ಬರೆದ ರೀತಿ ಮೆಚ್ಚಬೇಕಾದ್ದೇ. ಆದರೆ ಆ ಊರಿನಲ್ಲಿ ಬದುಕಿ ಉಳಿಯುವವನು ಅಮೆರಿಕದಿಂದ ಬಂದ ಸೇವಾಕಾರ್ಯಕರ್ತ. ಮುಂದಿನ ಐನೂರು ಪುಟ ನಾವು ಅವನ ಮನಸ್ಸಿನ ಗಾಯದ ಜೊತೆ, ಜ್ಯೂರಿಕ್‌ನ ಸಭೆಗಳ ಜೊತೆ ಇರಬೇಕು. ಭಾರತ ಸರ್ಕಾರ ಸಿಟ್ಟಿನಿಂದ ಆಕಾಶಕ್ಕೆ ಗಂಧಕದ ಧೂಳು ಎರಚಿ ಬಿಸಿಲಿಗೆ ಪರದೆ ಕಟ್ಟುವುದು ನಿಜ. ಸತ್ತವರಲ್ಲಿ ಮಾತ್ರ ಒಬ್ಬರ ಮನೆಯ ಒಳಗೂ ಕಾದಂಬರಿ ಹೋಗುವುದಿಲ್ಲ. ನಿಜವಾದ ಬಿಸಿಲಿನ ಕಾದಂಬರಿ ಇರುವುದು ಒಂದು ಸರ್ಕಾರಿ ಆದೇಶದಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30 ಎಂದು ಬದಲಾಗುತ್ತದೆ. ಒಳ್ಳೆಯ ಕ್ರಮವೇ. ಒಂದೂವರೆಗೆ ಕಚೇರಿ ಖಾಲಿ. ಅದೇ ಹೊತ್ತಿಗೆ ನೆಹರು ಗಂಜ್‌ನಲ್ಲಿ ಹಮಾಲರು ಲಾರಿಗೆ ತೊಗರಿ ಚೀಲ ಏರಿಸುತ್ತಿರುತ್ತಾರೆ: ತಲೆಗೆ ಒದ್ದೆ ಟವೆಲ್, ಕೈಯಲ್ಲಿ ಕಬ್ಬಿಣದ ಕೊಕ್ಕೆ. ಒಬ್ಬ ಹಿರಿಯ ಹಮಾಲ ನಕ್ಕು ಹೇಳಿದ ಮಾತು: “ಬಿಸಿಲು ಸಾಹೇಬರಿಗಿ ಹತ್ತತದ್ರಿ ಯಪ್ಪಾ, ನಮಗೆಲ್ಲಿ ಹತ್ತತದ!” ಒಂದೇ ಊರು, ಒಂದೇ ಸೂರ್ಯ, ಎರಡು ಹವಾಮಾನ.

ಈ ಎರಡು ಹವಾಮಾನವನ್ನು ಅರ್ಥಮಾಡಿಕೊಂಡ ಪುಸ್ತಕಗಳೂ ಇವೆ. ಪ್ರಯಾಗ್ ಅಕ್ಬರ್ ಅವರ ‘ಲೈಲಾ’ (2017) ಒಂದೊಂದು ಜಾತಿಗೆ ಒಂದೊಂದು ಗೋಡೆ ಎಬ್ಬಿಸಿದ ನಗರದ ಕಥೆ. ಬಾಡಿಗೆ ಮನೆ ಕೇಳಲು ಹೋಗಿ “ನೀವು ಯಾವ ಪೈಕಿ?” ಎಂದು ಕೇಳಿಸಿಕೊಂಡವರಿಗೆ ಆ ಗೋಡೆಗಳನ್ನು ಊಹಿಸಿಕೊಳ್ಳಲು ಕಷ್ಟವಿಲ್ಲ. ಅದರ ಜಾಣತನ ಬೇರೆಡೆ ಇದೆ: ಮಗಳನ್ನು ಕಳೆದುಕೊಂಡ ಶಾಲಿನಿಯ ಮನೆಯಲ್ಲಿ ಹಿಂದೆ ಮಗುವನ್ನು ನೋಡಿಕೊಳ್ಳುತ್ತಿದ್ದ ಸಪ್ನಾ ಈಗ ಮೇಲೇರಿದ್ದಾಳೆ. ಒಡತಿಯ ಸುಖದ ದಿನಗಳು ಆಳಿಗೆ ಏನಾಗಿದ್ದವು ಎಂಬ ಪ್ರಶ್ನೆ ಹಿಂಬಾಗಿಲಿನಿಂದ ಒಳಗೆ ಬರುತ್ತದೆ. 2023ರಲ್ಲಿ ಬೂಕರ್ ಪಡೆದ ಪಾಲ್ ಲಿಂಚ್‌ನ ‘ಪ್ರಾಫೆಟ್ ಸಾಂಗ್’ ಸಿರಿಯಾದಂಥ ಕಡೆ ಆದದ್ದನ್ನು ಡಬ್ಲಿನ್‌ಗೆ ತಂದು ಇಡುತ್ತದೆ; ನಾಲ್ಕು ಮಕ್ಕಳ ತಾಯಿಯೊಬ್ಬಳು ಗಂಡನ ಬಂಧನದ ನಂತರವೂ ಕೆಲಸಕ್ಕೆ ಹೋಗುತ್ತಾಳೆ, ಪಾಸ್‌ಪೋರ್ಟಿಗೆ ಅರ್ಜಿ ಹಾಕುತ್ತಾಳೆ. ಅಲ್ಲಿ ಕಚೇರಿ ತೆರೆದೇ ಇದೆ, ಅದಕ್ಕೇ ಎದೆ ನಡುಗುತ್ತದೆ. ಕೇಡು ಡಬ್ಲಿನ್‌ಗೆ ಬಂದರೆ ಮಾತ್ರ ಇಂಗ್ಲಿಷ್ ಓದುಗನಿಗೆ ತಟ್ಟೀತು ಎಂಬ ಲೆಕ್ಕಾಚಾರ ಸ್ವಲ್ಪ ಕಿರಿಕಿರಿಯದು, ಇರಲಿ.

ಕೇಡಿನ ಭವಿಷ್ಯ ನುಡಿಯುವ ಸಾಹಿತ್ಯ ನಮಗೆ ಹೊಸದಲ್ಲ ಎಂದು ಯಾರಾದರೂ ಎದ್ದು ಹೇಳಬಹುದು. ಯಾದಗಿರಿ ಸೀಮೆಯ ಕೊಡೇಕಲ್ ಬಸವಣ್ಣನ ಕಾಲಜ್ಞಾನವಿದೆ. ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ನುಡಿಯುವ ಕಾರಣಿಕವಿದೆ. ಕಾಲಜ್ಞಾನಗಳಲ್ಲಿ ನಾಶದ ಆಚೆಗೆ ವೀರವಸಂತರಾಯ ಬರುತ್ತಾನೆ, ಕಲ್ಯಾಣ ಮತ್ತೆ ಕಟ್ಟುತ್ತದೆ. ಮೆಕಾರ್ಥಿಯ ಬೂದಿಗಿಂತ ಇದು ಉದಾರವಾದ ಕಲ್ಪನೆ, ಒಪ್ಪಿದೆ. ಆದರೆ ಕಾಲವೇ ಕೆಟ್ಟಿತು ಎಂದುಬಿಟ್ಟರೆ ಕೆಡಿಸಿದವರ ಹೆಸರು ಹೇಳುವ ಕಷ್ಟ ತಪ್ಪುತ್ತದೆ. ಕಾರಣಿಕದ ಒಂದೇ ಸಾಲಿಗೆ ರೈತನೂ ರಾಜಕಾರಣಿಯೂ ತಮಗೆ ಬೇಕಾದ ಅರ್ಥ ಹಚ್ಚಿಕೊಂಡು ಮನೆಗೆ ಹೋಗುತ್ತಾರೆ. ಕಾದಂಬರಿಗೆ ಆ ಸೌಲಭ್ಯ ಕೊಡಬಾರದು. ಅದು ಸರ್ವೆ ನಂಬರು ಹೇಳಬೇಕು.

ಸರ್ವೆ ನಂಬರಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. 2022ರ ಮುಂಗಾರಿನಲ್ಲಿ ಬಿತ್ತಿದ ತೊಗರಿಗೆ ನೆಟೆ ರೋಗ ಬಿತ್ತು. ಮಣ್ಣಿನಲ್ಲಿರುವ ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನಿಂದ ಹತ್ತಿ, ಕಾಂಡದೊಳಗೆ ನೀರು ಹೋಗುವ ನಾಳಗಳನ್ನು ಕಟ್ಟಿಬಿಡುತ್ತದೆ. ಹೂವು, ಕಾಯಿ ತುಂಬಿಕೊಂಡ ಗಿಡ ನಿಂತಲ್ಲೇ ಒಣಗುತ್ತದೆ. ದೂರದಿಂದ ನೋಡಿದವರಿಗೆ ಬೆಳೆ ಕೊಯ್ಲಿಗೆ ಬಂದಂತೆ ಕಾಣುತ್ತದೆ. ಸರ್ಕಾರ ಪರಿಹಾರ ಘೋಷಿಸಿತು. ಇಂಥ ಪರಿಹಾರ ಹೋಗುವುದು ಪಹಣಿಯಲ್ಲಿ ಹೆಸರಿದ್ದವನ ಖಾತೆಗೆ. ಲಾವಣಿಗೆ ಹೊಲ ಹಾಕಿಕೊಂಡು, ಬೀಜ ಗೊಬ್ಬರಕ್ಕೆ ಗಂಜ್‌ನಲ್ಲಿ ಉದ್ರಿ ಮಾಡಿದವನ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ. ಗಿಡ ಒಣಗಿದ್ದು ಒಬ್ಬನದು, ರೊಕ್ಕ ಜಮೆಯಾದದ್ದು ಇನ್ನೊಬ್ಬನಿಗೆ. ಇಬ್ಬರೂ ಒಂದೇ ಊರವರು. ಯುಗಾದಿ ಹೊತ್ತಿಗೆ ಬರುವ ವರ್ಷದ ಲಾವಣಿ ಮಾತಾಡಲು ಎದುರುಬದುರು ಕೂರಲೇಬೇಕು, ನಡುವೆ ಚಹಾದ ಕಪ್ಪುಗಳು ಬರಲೇಬೇಕು. ಕನ್ನಡದಲ್ಲಿ ಡಿಸ್ಟೋಪಿಯಾ ಬರೆಯಲು ಹೊರಟವರು ಈ ಮಾತುಕತೆಯಿಂದ ಶುರುಮಾಡಬಹುದು. ಮೊದಲು ಬಾಯಿ ತೆರೆಯುವವನು ಯಾರು ಎಂಬುದನ್ನು ಅವರೇ ನಿರ್ಧರಿಸಲಿ.