ಕೋತಿ ತೆಗೆದ ಚಿತ್ರ ಯಾರ ಸೊತ್ತು?

ಮಲೆನಾಡಿನ ತೋಟಿಗರಿಗೆ ಕೋತಿ ಏನನ್ನು ಎತ್ತಿಕೊಂಡು ಹೋದರೂ ಅಚ್ಚರಿಯಾಗದು. ಬಾಳೆಗೊನೆ, ಏಲಕ್ಕಿ, ಅಂಗಳದಲ್ಲಿ ಒಣಹಾಕಿದ ಹಪ್ಪಳ, ಯಾವುದೂ ಅದಕ್ಕೆ ವರ್ಜ್ಯವಲ್ಲ. ಆದರೆ ಇಂಡೋನೇಷ್ಯಾದ ಸುಲಾವೆಸಿ ದ್ವೀಪದ ಕಾಡಿನಲ್ಲಿ ಕಪ್ಪು ಮಂಗವೊಂದು ಮನುಷ್ಯನ ಕ್ಯಾಮೆರಾದ ಗುಂಡಿಯೊತ್ತಿ ತನ್ನ ಮುಖವನ್ನು ತಾನೇ ಸೆರೆಹಿಡಿದುಕೊಂಡದ್ದರಿಂದ ಎದ್ದ ವ್ಯಾಜ್ಯ ಏಳು ವರ್ಷ ನಡೆಯಿತು. ಆ ವ್ಯಾಜ್ಯದ ಒಂದು ಎಳೆ ಮಲೆನಾಡಿನ ಹಳೆಯ ಚಿತ್ರಗಳವರೆಗೂ ಬಂದು ಮುಟ್ಟುತ್ತದೆ.

ಕ್ಯಾಮೆರಾ ಡೇವಿಡ್ ಸ್ಲೇಟರ್ ಎಂಬ ಬ್ರಿಟಿಷ್ ಛಾಯಾಗ್ರಾಹಕರದು. ಚಿತ್ರಗಳು 2011ರ ಜುಲೈಯಲ್ಲಿ ಪತ್ರಿಕೆಗಳಲ್ಲಿ ಅಚ್ಚಾದವು. ಕೆಲವೇ ದಿನಗಳಲ್ಲಿ ಅವು ವಿಕಿಪೀಡಿಯಕ್ಕೆ ಚಿತ್ರಗಳನ್ನು ಒದಗಿಸುವ ವಿಕಿಮೀಡಿಯ ಕಾಮನ್ಸ್ ಎಂಬ ಭಂಡಾರವನ್ನು ಸೇರಿದವು. ಸೇರಿಸಿದವರು ಸ್ಲೇಟರ್ ಅಲ್ಲ. ಗುಂಡಿಯೊತ್ತಿದ್ದು ಕೋತಿ, ಕೋತಿಗೆ ಹಕ್ಕುಸ್ವಾಮ್ಯವಿಲ್ಲ, ಆದ್ದರಿಂದ ಚಿತ್ರ ಸರ್ವರಿಗೂ ಸೇರಿದ್ದು ಎಂಬುದು ಸ್ವಯಂಸೇವಕರ ವಾದ. ಕಾಡಿಗೆ ಹೋದವನು ತಾನು, ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ ಮಸೂರ ಮತ್ತು ಬೆಳಕನ್ನು ಹೊಂದಿಸಿಟ್ಟವನು ತಾನು, ಮಂಗಗಳ ವಿಶ್ವಾಸ ಗಳಿಸಲು ಕಾದವನೂ ತಾನೇ ಎಂಬುದು ಸ್ಲೇಟರ್ ವಾದ. ಚಿತ್ರವನ್ನು ತೆಗೆದುಹಾಕಿರೆಂದು ಅವರು ಕೇಳಿದರು. ತೆಗೆದುಹಾಕಲು ನಿರಾಕರಿಸಿದ ಸಂಗತಿಯನ್ನು ವಿಕಿಮೀಡಿಯ ಸಂಸ್ಥೆಯೇ 2014ರ ಆಗಸ್ಟಿನಲ್ಲಿ ಪ್ರಕಟಿಸಿತು. ಅದೇ ತಿಂಗಳು ಲಂಡನ್ನಿನಲ್ಲಿ ನಡೆದ ವಿಕಿಮೀಡಿಯ ಸಮಾವೇಶದಲ್ಲಿ ಆ ಚಿತ್ರದ ಮುದ್ರಿತ ಪ್ರತಿಯ ಪಕ್ಕ ನಿಂತು ಜನ ತಮ್ಮ ಚಿತ್ರ ತೆಗೆದುಕೊಂಡರು. ಗೆದ್ದವರ ಸಂಭ್ರಮ ಅಷ್ಟು ಬೇಗ ಬೇಕಿರಲಿಲ್ಲ.

ಇಲ್ಲಿ ಕಾಮನ್ಸ್‌ನ ಕ್ರಮವನ್ನು ತಿಳಿಯಬೇಕು. ಊರಿಗೊಂದು ಗೋಮಾಳವಿದ್ದಂತೆ ಅದು ಎಲ್ಲರ ಸೊತ್ತು. ಅಲ್ಲಿರುವ ಚಿತ್ರವನ್ನು ಯಾರೂ ಬಳಸಬಹುದು, ತಿದ್ದಬಹುದು, ಪುಸ್ತಕದಲ್ಲಿ ಅಚ್ಚುಹಾಕಿ ಮಾರಲೂಬಹುದು. ಆದ್ದರಿಂದಲೇ ‘ವಿದ್ಯಾಭ್ಯಾಸಕ್ಕೆ ಮಾತ್ರ’, ‘ವ್ಯಾಪಾರಕ್ಕಲ್ಲ’ ಎಂಬ ಷರತ್ತಿನ ಚಿತ್ರಗಳಿಗೆ ಅಲ್ಲಿ ಜಾಗವಿಲ್ಲ. ತೆಗೆದವರು ಯಾರು, ಎಲ್ಲಿಂದ ಬಂತು, ಯಾವ ಪರವಾನಗಿಯಲ್ಲಿದೆ ಎಂಬ ವಿವರ ಬೇಕು. ಅನುಮಾನ ಬಂದರೆ ಯಾವ ಸ್ವಯಂಸೇವಕನೂ ಚಿತ್ರವನ್ನು ತೆಗೆಯಬೇಕೆಂದು ಸೂಚಿಸಬಹುದು. ಸಾಮಾನ್ಯವಾಗಿ ಏಳು ದಿನ ಚರ್ಚೆ ನಡೆದು, ಸಂಬಳವಿಲ್ಲದೆ ದುಡಿಯುವ ನಿರ್ವಾಹಕರೊಬ್ಬರು ತೀರ್ಮಾನ ಕೊಡುತ್ತಾರೆ. ಚಿತ್ರ ಮುಕ್ತವೆಂಬುದರಲ್ಲಿ ಗಣನೀಯ ಸಂದೇಹವಿದ್ದರೆ ಅದನ್ನು ತೆಗೆಯತಕ್ಕದ್ದು ಎಂಬುದು ಅವರು ತಮಗೆ ತಾವೇ ಹಾಕಿಕೊಂಡ ಕಟ್ಟಳೆ. ಅಮೆರಿಕೆಯಲ್ಲಿಯೂ ಚಿತ್ರ ಹುಟ್ಟಿದ ದೇಶದಲ್ಲಿಯೂ ಅದು ಮುಕ್ತವಾಗಿರಬೇಕೆಂಬುದು ಇನ್ನೊಂದು.

ಈ ಕಟ್ಟಳೆಗಳು ನ್ಯಾಯವಾದವು. ಗೋಮಾಳಕ್ಕೆ ಬೇಲಿ ಹಾಕಿಕೊಳ್ಳುವುದು ಹೇಗೆ ತಪ್ಪೋ, ಪಕ್ಕದ ಮನೆಯವನ ಹಸುವನ್ನು ತಂದು ಅಲ್ಲಿ ಕಟ್ಟಿ ಊರಿನದೆಂದು ಸಾರುವುದೂ ಹಾಗೆಯೇ ತಪ್ಪು. ನಂಬಿ ಬಳಸಿದ ಬಡ ಪ್ರಕಾಶಕನೋ ಶಾಲೆಯ ಮೇಷ್ಟರೋ ನಾಳೆ ದಂಡ ತೆರಬೇಕಾದೀತು.

ಆದರೆ ಕೋತಿಯ ಚಿತ್ರದಲ್ಲಿ ಸಂದೇಹವಿರಲಿಲ್ಲವೆ? ಮನುಷ್ಯೇತರ ಪ್ರಾಣಿ ರಚಿಸಿದ್ದನ್ನು ನೋಂದಾಯಿಸುವುದಿಲ್ಲವೆಂದು ಅಮೆರಿಕೆಯ ಹಕ್ಕುಸ್ವಾಮ್ಯ ಕಚೇರಿ 2014ರಲ್ಲಿ ಹೇಳಿತು, ನಿಜ. ಪೇಟಾ ಎಂಬ ಪ್ರಾಣಿದಯಾ ಸಂಸ್ಥೆ 2015ರಲ್ಲಿ ಕೋತಿಯ ಪರವಾಗಿಯೇ ಸ್ಲೇಟರ್ ಮೇಲೆ ದಾವೆ ಹೂಡಿತು. ಅದು 2016ರಲ್ಲಿ ಬಿದ್ದುಹೋಯಿತು. ಮುಂದಿನ ಆದಾಯದ ಶೇ. 25 ಭಾಗವನ್ನು ಆ ಮಂಗಗಳ ರಕ್ಷಣೆಗೆ ಕೊಡುವೆನೆಂದು ಸ್ಲೇಟರ್ 2017ರಲ್ಲಿ ರಾಜಿಗೆ ಒಪ್ಪಿದರು. 2018ರ ಏಪ್ರಿಲಿನಲ್ಲಿ ಮೇಲ್ಮನವಿ ನ್ಯಾಯಾಲಯವೂ ಕೋತಿಯ ದಾವೆ ನಿಲ್ಲದೆಂದಿತು. ಆದರೆ ನ್ಯಾಯಾಲಯಗಳು ತೀರ್ಮಾನಿಸಿದ್ದು ಕೋತಿ ದಾವೆ ಹೂಡಲಾರದು ಎಂಬುದನ್ನಷ್ಟೇ. ಸ್ಲೇಟರ್‌ಗೆ ಹಕ್ಕಿದೆಯೇ ಇಲ್ಲವೇ ಎಂಬುದನ್ನು ಯಾವ ನ್ಯಾಯಾಲಯವೂ ಹೇಳಲಿಲ್ಲ. ಬ್ರಿಟನ್ನಿನಲ್ಲಂತೂ ಪ್ರಶ್ನೆ ವಿಚಾರಣೆಗೇ ಬರಲಿಲ್ಲ.

ನಾಗರಹೊಳೆಯಲ್ಲಿ 1990ರ ದಶಕದ ಆರಂಭದಿಂದ ಉಲ್ಲಾಸ ಕಾರಂತರು ಕಾಡುದಾರಿಯಲ್ಲಿ ಕ್ಯಾಮೆರಾ ಕಟ್ಟಿ, ಹಾದುಹೋಗುವ ಹುಲಿಗಳ ಚಿತ್ರ ಪಡೆದು ಪಟ್ಟೆಗಳಿಂದ ಅವುಗಳನ್ನು ಗುರುತಿಸಿ ಎಣಿಕೆಗೆ ದಾರಿ ಮಾಡಿದರು. ಅಲ್ಲಿ ಕ್ಯಾಮೆರಾದ ಹಿಂದೆ ಯಾವ ಮನುಷ್ಯನೂ ನಿಂತಿರಲಿಲ್ಲ, ಹುಲಿ ಹಾದಾಗ ಅದು ತಾನಾಗಿ ಕ್ಲಿಕ್ಕಿಸಿತು. ಹಾಗೆಂದು ಚಿತ್ರವನ್ನು ಹುಲಿ ತೆಗೆಯಿತೆಂದು ಯಾರಾದರೂ ಹೇಳಿಯಾರೆ? ಜಾಡು ಬಲ್ಲವನ ಶ್ರಮಕ್ಕೆ ಅಲ್ಲಿ ಬೆಲೆಯಿದ್ದರೆ ಸುಲಾವೆಸಿಯಲ್ಲಿ ಏಕಿಲ್ಲ? ಗುಂಡಿಯನ್ನು ಬೇಕೆಂದೇ ಒತ್ತಿದ್ದು ಮಂಗವೆಂಬ ವ್ಯತ್ಯಾಸವಿದೆ, ಒಪ್ಪತಕ್ಕದ್ದೇ. ಸಂದೇಹ ಉಳಿಯಿತೆಂಬುದಕ್ಕೆ ಅಷ್ಟು ಸಾಕು. ಸಂದೇಹವಿದ್ದರೆ ತೆಗೆಯಬೇಕೆಂಬ ತಮ್ಮ ಕಟ್ಟಳೆಯನ್ನು ಸ್ವಯಂಸೇವಕರು ಅಲ್ಲಿ ಮರೆತರು. ಚಿತ್ರ ಇಂದಿಗೂ ಕಾಮನ್ಸ್‌ನಲ್ಲಿದೆ. ವ್ಯಾಜ್ಯದ ಗದ್ದಲದಲ್ಲಿ ಹಿಂದಾದದ್ದು ಇನ್ನೊಂದು ಸಂಗತಿ: ಸ್ಥಳೀಯರು ಯಾಕಿ ಎಂದು ಕರೆಯುವ ಆ ಮಂಗ ಮಾಂಸಕ್ಕಾಗಿ ಬೇಟೆಯಾಗುತ್ತ, ಕಾಡು ಕಳೆದುಕೊಳ್ಳುತ್ತ ಅಳಿವಿನ ಅಂಚಿಗೆ ಬಂದು ನಿಂತಿದೆ.

ಅದೇ ಕಟ್ಟಳೆ ಮಲೆನಾಡಿನ ವಿದ್ಯಾರ್ಥಿಗೆ ಹೇಗೆ ತಾಗುತ್ತದೆ? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರು ಶರಾವತಿ ಕೊಳ್ಳದ ಊರುಗಳನ್ನು ನುಂಗಿದಾಗ ಯಾರೋ ತೆಗೆದ ಚಿತ್ರವೊಂದು ಆತನ ಮನೆಯ ಪೆಟ್ಟಿಗೆಯಲ್ಲಿ ಇದೆಯೆನ್ನೋಣ. ಮುಳುಗಿದ ಊರಿನ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಬರೆದು ಚಿತ್ರವನ್ನೂ ಕಾಮನ್ಸ್‌ಗೆ ಏರಿಸಿದರೆ, ಅದು ಉಳಿಯುವುದು ಅನುಮಾನ. ಭಾರತದಲ್ಲಿ 2012ರ ತಿದ್ದುಪಡಿಗೆ ಮೊದಲು ಛಾಯಾಚಿತ್ರದ ಹಕ್ಕು ಪ್ರಕಟಣೆಯ ನಂತರ 60 ವರ್ಷ ಇರುತ್ತಿತ್ತು. ಈಗ ಛಾಯಾಗ್ರಾಹಕ ತೀರಿಕೊಂಡ ಮೇಲೆ 60 ವರ್ಷ. ತೆಗೆದವರ ಹೆಸರೇ ತಿಳಿಯದಿದ್ದರೆ ಲೆಕ್ಕ ಮತ್ತೂ ಗೋಜಲು. ಚಿತ್ರದ ಪ್ರತಿ ಕೈಯಲ್ಲಿದ್ದ ಮಾತ್ರಕ್ಕೆ ಹಕ್ಕು ಕೈಯಲ್ಲಿ ಇರುವುದಿಲ್ಲ. ತೆಗೆದುಹಾಕುವವರ ಎರಡು ಸಾಲಿನ ಒರಟು ಸೂಚನೆ ಓದಿ ಹುಡುಗ ಮತ್ತೆ ಆ ಕಡೆ ಸುಳಿಯದಿದ್ದರೆ ನಷ್ಟ ಕೊಳ್ಳದ ಊರುಗಳಿಗೆ. ಕಾವಲು ಕಾಯುವವರಿಗೆ ಹೊಸಬರ ಮುಂದೆ ತಾಳ್ಮೆ ಬೇಕು. ಅದಕ್ಕೂ ಮುಖ್ಯವಾಗಿ, ದೂರದ ಛಾಯಾಗ್ರಾಹಕನ ವಿಷಯದಲ್ಲಿ ಸಡಿಲಿಸಿದ ನಿಯಮವನ್ನು ಅವನ ಮೇಲೆ ಮಾತ್ರ ಬಿಗಿಯಬಾರದು.

ಹಾಗೆಂದು ಅಳುತ್ತ ಕೂರುವ ಕಾರಣವೂ ಇಲ್ಲ. ಬೇಕಾದುದು ಒಂದು ಪತ್ರ. ‘ನಿಮ್ಮ ಲೇಖನಕ್ಕೆ ಬಳಸಿಕೊಳ್ಳಿ’ ಎಂಬ ಬಾಯಿಮಾತು ಸಾಲದು. ಯಾವ ಚಿತ್ರ, ಯಾರು ತೆಗೆದದ್ದು, ತನಗೇ ಹಕ್ಕಿದೆ, ಹೆಸರು ಹೇಳಿ ಯಾರು ಬೇಕಾದರೂ ಯಾವುದಕ್ಕೆ ಬೇಕಾದರೂ ಬಳಸಬಹುದು ಎಂದು ಹಕ್ಕುದಾರರು ಸಹಿಮಾಡಿ ಬರೆದು ಕಳುಹಿಸಬೇಕು. ಕೊಟ್ಟ ಒಪ್ಪಿಗೆಯನ್ನು ಆಮೇಲೆ ಹಿಂದಕ್ಕೆ ಪಡೆಯಲಾಗದು ಎಂಬುದನ್ನು ಅವರಿಗೆ ಮುಂಚಿತವಾಗಿಯೇ ತಿಳಿಸುವುದು ಕೇಳುವವರ ಹೊಣೆ. ಮುಳುಗಡೆಯ ಕಾಲದಲ್ಲಿ ಕ್ಯಾಮೆರಾ ಹಿಡಿದಿದ್ದವರಲ್ಲಿ ಇನ್ನೂ ಬದುಕಿರುವವರು ಎಂಬತ್ತರ ಆಚೆಗಿದ್ದಾರೆ.