ಸ್ಮಾರ್ಟ್ ಕ್ಲಾಸಿನಲ್ಲೂ ಕೈಬರಹ ಬೇಕು

ತರಗತಿಗೆ ಪ್ರೊಜೆಕ್ಟರ್ ಬಂದ ಮೇಲೆ ಸೀಮೆಸುಣ್ಣದ ಧೂಳು ಕಡಿಮೆಯಾಗಿದೆ, ಚಿತ್ರಗಳು ಸ್ಪಷ್ಟವಾಗಿ ಕಾಣುತ್ತಿವೆ. ಅದು ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಪೂರ್ತಿ ಸಿದ್ಧವಾದ ಸ್ಲೈಡನ್ನು ಓದಿ ಮುಂದೆ ಹೋಗುವುದು ಬೇರೆ, ಟ್ಯಾಬ್ಲೆಟ್ ಪೆನ್ ಹಿಡಿದು ಅದೇ ಸ್ಲೈಡಿನ ಮೇಲೆ ನಮ್ಮೆದುರೇ ಬರೆಯುತ್ತಾ ಕಲಿಸುವುದು ಬೇರೆ. ನಮಗೆ ಬೇಕಾಗಿರುವುದು ಎರಡನೆಯದು.

ರಸಾಯನಶಾಸ್ತ್ರದ ಎಸ್‌ಎನ್2 ಕ್ರಿಯೆಯನ್ನೇ ನೋಡಿ. ಸಿದ್ಧ ಸ್ಲೈಡಿನಲ್ಲಿ ಮೂರು ರಚನೆಗಳು, ಬಾಣಗಳು, ಚಾರ್ಜುಗಳು ಎಲ್ಲವೂ ಒಂದೇ ಸಲ ಎದುರಿಗೆ ಬರುತ್ತವೆ. ಎಲ್ಲಿಂದ ನೋಡಲು ಶುರುಮಾಡಬೇಕೆಂದೇ ತಿಳಿಯುವುದಿಲ್ಲ. ಅದನ್ನೇ ಕೈಯಲ್ಲಿ ಬರೆದಾಗ, ಬಾಣ ಹೈಡ್ರಾಕ್ಸೈಡಿನ ಎಲೆಕ್ಟ್ರಾನ್ ಜೋಡಿಯಿಂದ ಹೊರಟು ಕಾರ್ಬನ್ನಿನ ಹಿಂಬದಿಗೆ ಹೋಗುವುದು, ಇನ್ನೊಂದು ಬದಿಯಲ್ಲಿ ಕ್ಲೋರಿನ್ ಬಿಟ್ಟುಹೋಗುವುದು ಕಣ್ಣೆದುರೇ ನಡೆಯುತ್ತದೆ. ಬಾಣದ ಬುಡ ಎಲ್ಲಿ, ತುದಿ ಎಲ್ಲಿ ಎಂಬುದೇ ಅಲ್ಲಿ ಪಾಠ.

ಇದರಿಂದ ಹೆಚ್ಚು ಲಾಭವಾಗುವುದು ಯಾರಿಗೆ? ನಮ್ಮಲ್ಲಿ ಅನೇಕರ ಮನೆಮಾತು ಉರ್ದು ಅಥವಾ ಬ್ಯಾರಿ. ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಪಿಯುಸಿಗೆ ಬಂದ ಕೂಡಲೇ ವಿಜ್ಞಾನವೆಲ್ಲ ಇಂಗ್ಲಿಷ್. ಸ್ಲೈಡಿನ ಇಂಗ್ಲಿಷ್ ಓದಬೇಕು, ಉಪನ್ಯಾಸಕರ ಮಾತು ಕೇಳಬೇಕು, ನೋಟ್ಸೂ ಬರೆದುಕೊಳ್ಳಬೇಕು. ಅಷ್ಟರಲ್ಲಿ ಮುಂದಿನ ಸ್ಲೈಡ್ ಬಂದಿರುತ್ತದೆ. ಜುಮಾ ದಿನದ ಚಿಕ್ಕ ಪಿರಿಯಡ್‌ಗಳಲ್ಲಂತೂ ಕೇಳುವುದೇ ಬೇಡ. ಕೈಯಲ್ಲಿ ಬರೆಯುವವರು ಕೈಯ ವೇಗವನ್ನು ಮೀರಿ ಓಡಲಾರರು, ಹಾಗಾಗಿ ನಾವೂ ಜೊತೆಗೇ ಬರೆದುಕೊಳ್ಳಬಹುದು. ಕೋಚಿಂಗಿಗೆ ಹೋಗುವವರಿಗೆ ಅದೇ ಪಾಠ ಸಂಜೆ ಇನ್ನೊಮ್ಮೆ ಸಿಗುತ್ತದೆ. ಉಳಿದವರಿಗೆ ತರಗತಿಯ ಆ ಒಂದು ಗಂಟೆಯೇ ಎಲ್ಲ.

ಇದು ಬರೀ ನನ್ನ ಅನಿಸಿಕೆಯಲ್ಲ. ಅಮೆರಿಕದ ಸಂಶೋಧಕರಾದ ಲೋಗನ್ ಫಿಯೊರೆಲ್ಲಾ ಮತ್ತು ರಿಚರ್ಡ್ ಮೇಯರ್ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಡಾಪ್ಲರ್ ಪರಿಣಾಮದ ವಿಡಿಯೊ ಪಾಠವನ್ನು ಎರಡು ರೀತಿ ತೋರಿಸಿದರು. ಕೆಲವರಿಗೆ ಮೊದಲೇ ಬಿಡಿಸಿಟ್ಟ ಚಿತ್ರ, ಕೆಲವರಿಗೆ ಶಿಕ್ಷಕರು ಕೈಯಿಂದ ಬಿಡಿಸುತ್ತಿರುವ ಚಿತ್ರ. ವಿವರಣೆ ಎರಡರಲ್ಲೂ ಒಂದೇ. ಮೊದಲ ಪ್ರಯೋಗದಲ್ಲಿ, ವಿಷಯದ ಪರಿಚಯ ಕಡಿಮೆ ಇದ್ದವರ ಪೈಕಿ ಬಿಡಿಸುವುದನ್ನು ನೋಡಿದವರೇ ಕಲಿತದ್ದನ್ನು ಹೊಸ ಪ್ರಶ್ನೆಗಳಿಗೆ ಹೆಚ್ಚು ಚೆನ್ನಾಗಿ ಅನ್ವಯಿಸಿದರು.

ಹಾಗಾದರೆ ಹಳೆಯ ಬೋರ್ಡೇ ಸಾಕಲ್ಲವೇ ಎಂದು ಕೇಳಬಹುದು. ಬೋರ್ಡಿಗೆ ಒಂದು ದೊಡ್ಡ ಗುಣವಿದೆ ನಿಜ: ಮೊದಲ ಹಂತ ಕೊನೆಯವರೆಗೂ ಕಣ್ಣಮುಂದೆ ಇರುತ್ತದೆ. ಟ್ಯಾಬ್ಲೆಟ್‌ನಲ್ಲಿ ಪುಟ ಬದಲಾದರೆ ಹಿಂದಿನದು ಮಾಯ. ಆದರೆ ಟ್ಯಾಬ್ಲೆಟ್ ಹಿಡಿದವರು ನಮಗೆ ಬೆನ್ನು ತಿರುಗಿಸಬೇಕಿಲ್ಲ, ನಮ್ಮ ಮುಖ ನೋಡುತ್ತಲೇ ಬರೆಯಬಹುದು. ಬರೆದದ್ದನ್ನು ಅಳಿಸಬೇಕಾಗಿಯೂ ಇಲ್ಲ. ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್ ಶೋ ಮೇಲೆ ಪೆನ್ನಿನಿಂದ ಬರೆದಿದ್ದರೆ, ಮುಗಿಸುವಾಗ ಅದನ್ನು ಉಳಿಸಬೇಕೇ ಎಂದು ಅದೇ ಕೇಳುತ್ತದೆ. ಉಳಿಸಿ ಪಿಡಿಎಫ್ ಮಾಡಿ ಕಳುಹಿಸಿದರೆ, ಅಂದು ಗೈರಾದವರಿಗೂ ಪಾಠ ಸಿಗುತ್ತದೆ.

ನಮ್ಮ ಉಪನ್ಯಾಸಕರಲ್ಲಿ ನನ್ನ ವಿನಂತಿ ಇಷ್ಟೇ. ಸ್ಲೈಡಿನಲ್ಲಿ ಪ್ರಶ್ನೆ ಮತ್ತು ಅಗತ್ಯ ಚಿತ್ರ ಮಾತ್ರ ಇರಲಿ, ಅರ್ಧ ಜಾಗ ಖಾಲಿ ಇರಲಿ. ಕೊನೆಯ ಬೆಂಚಿಗೂ ಕಾಣುವಂತೆ ದಪ್ಪ ಗೆರೆ, ಗಾಢ ಬಣ್ಣ ಬಳಸಿ. ವೈಫೈಯಲ್ಲಿ ಬರಹ ತಡವಾಗಿ ಮೂಡುವುದಾದರೆ ಕೇಬಲ್ ಹಾಕಿ. ಮುಂದಿನ ಪುಟಕ್ಕೆ ಹೋಗುವ ಮೊದಲು ಒಂದು ನಿಮಿಷ ನಿಲ್ಲಿ.

ಗೆಳೆಯರಿಗೂ ಒಂದು ಮಾತು. ನಮ್ಮ ಸೆಮಿನಾರುಗಳಲ್ಲಿ ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಸ್ಲೈಡ್ ಓದಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ಮುಂದಿನ ಸಲ ಒಂದು ಸ್ಲೈಡನ್ನಾದರೂ ಖಾಲಿ ಬಿಟ್ಟು, ಎಲ್ಲರೆದುರು ಬರೆದು ವಿವರಿಸಿ. ನಮಗೆ ಎಷ್ಟು ಅರ್ಥವಾಗಿದೆ ಎಂಬುದು ಆಗ ನಮಗೇ ತಿಳಿಯುತ್ತದೆ.