ಬ್ಲೇಡ್ ಕಳೆದರೆ ಮೆಷಿನ್ನೇ ಗುಜರಿಗಾ?

ವಿದೇಶದಲ್ಲಿರೋ ಮಗ ರಜೆಗೆ ಬರುವಾಗ ಬ್ರೆಡ್ ಮಾಡುವ ಮೆಷಿನ್ ತಂದುಕೊಟ್ಟ ಅಂತಿಟ್ಟುಕೊಳ್ಳಿ. ಹಿಟ್ಟು, ನೀರು, ಈಸ್ಟ್, ಉಪ್ಪು ಹಾಕಿ ಗುಂಡಿ ಒತ್ತಿದರೆ ಮುಗೀತು. ಕಲಸೋದು, ಉಬ್ಬಿಸೋದು, ಬೇಯಿಸೋದು ಎಲ್ಲ ಅದರದ್ದೇ ಕೆಲಸ. ಹುಣಸೂರಿನ ನಿಮ್ಮ ಅಡುಗೆಮನೆಯಲ್ಲಿ ಬೆಳಗಾಗೆದ್ದರೆ ಬೇಕರಿಯ ಪರಿಮಳ! ಅಕ್ಕಪಕ್ಕದವರೆಲ್ಲ ಬಂದು ನೋಡಿ ಹೋಗಿದ್ದೂ ಆಯ್ತು. ಆರು ತಿಂಗಳಾಗುವಷ್ಟರಲ್ಲಿ ಹಿಟ್ಟು ಕಲಸುವ ಬ್ಲೇಡ್ ಮಾಯ. ಬ್ರೆಡ್ಡಿನ ತಳಕ್ಕೆ ಕಚ್ಚಿಕೊಂಡು ಬಂದದ್ದನ್ನು ಯಾರೂ ನೋಡದೆ ಚೂರುಗಳ ಜತೆ ಕಸಕ್ಕೆ ಹೋಗಿದೆ. ಬೆರಳುದ್ದದ ಆ ತುಂಡಿಲ್ಲದೆ ಇಡೀ ಮೆಷಿನ್ ಅಟ್ಟ ಸೇರಿತು. ಮೇಲಿಂದ ಮನೆಯವರ ಮಾತು ಬೇರೆ: "ಇವೆಲ್ಲ ನಿಂಗ್ಯಾಕೆ ಬೇಕಿತ್ತು?"

ತಪ್ಪು ನಿಮ್ಮದಲ್ಲ ಬಿಡಿ. ಅದೇ ಮಿಕ್ಸಿಯ ಕಪ್ಲರ್ ಸವೆದಿದ್ದರೆ ಏನು ಮಾಡುತ್ತಿದ್ದಿರಿ? ಪಿರಿಯಾಪಟ್ಟಣವಾಗಲಿ, ಕೆ.ಆರ್. ನಗರವಾಗಲಿ, ಎಚ್.ಡಿ. ಕೋಟೆಯಾಗಲಿ, ಮಿಕ್ಸಿ ರಿಪೇರಿಯವನ ಹತ್ತಿರ ಹೋದರೆ ಡಬ್ಬದಿಂದ ಒಂದು ತೆಗೆದು ತಿರುಗಿಸಿ ಹಾಕಿ ಕೊಡುತ್ತಿದ್ದ. ಒಂದಕ್ಕೆ ಸಿಗುವ ಭಾಗ್ಯ ಇನ್ನೊಂದಕ್ಕೆ ಯಾಕಿಲ್ಲ?

ಮಿಕ್ಸಿಯ ಕಥೆಯೂ ಹೀಗೇ ಶುರುವಾಗಿದ್ದು

ಬಿಡಿಭಾಗ ತಾನಾಗಿ ಊರಿಗೆ ಬರೋದಿಲ್ಲ. ಒಂದೇ ಬಗೆಯ ಮೆಷಿನ್ ನೂರಾರು ಮನೆಯಲ್ಲಿದ್ದರೆ ಅದರ ಹಿಂದೆಯೇ ಬರುತ್ತದೆ. ಹಿಂದೆ ಮಿಕ್ಸಿಗೂ ಈ ಗತಿಯೇ ಇತ್ತು ಎಂದರೆ ನಂಬುತ್ತೀರಾ? ಮಾಧುರಿ ಮಾಥುರ್ ಎಂಬ ಗೃಹಿಣಿಯ ಜರ್ಮನಿಯ ಬ್ರಾನ್ ಮಿಕ್ಸರ್ ನಮ್ಮ ಮಸಾಲೆ ಅರೆಯಲಾರದೆ ಕೆಟ್ಟುಹೋಯಿತು. ಇಲ್ಲಿ ಅದಕ್ಕೆ ರಿಪೇರಿ ಇರಲಿಲ್ಲ. ಪತಿ ಸತ್ಯಪ್ರಕಾಶ್ ಮಾಥುರ್ ಎಂಜಿನಿಯರ್. ನಮ್ಮ ಅಡುಗೆಗೆ ತಕ್ಕ ಗಟ್ಟಿ ಮೋಟಾರಿನ ಮಿಕ್ಸಿ ಮಾಡಲು ಅವರು ಹೊರಟರು. 1963ರಲ್ಲಿ ಶುರುವಾದ ಆ ಸಾಹಸವೇ 'ಸುಮೀತ್'. ಒಬ್ಬ ಹೆಣ್ಣುಮಗಳು "ಇಲ್ಲಿ ರಿಪೇರಿ ಆಗಲ್ಲ" ಎಂಬ ಉತ್ತರಕ್ಕೆ ಸುಮ್ಮನಾಗದೇ ಇದ್ದದ್ದರಿಂದ ನಮ್ಮ ಒರಳುಕಲ್ಲಿಗೆ ವಿಶ್ರಾಂತಿ ಸಿಕ್ಕಿತು ನೋಡಿ!

ಸರಕಾರ ಏನು ಮಾಡುತ್ತಿದೆ?

ಕೊಂಡ ವಸ್ತುವನ್ನು ರಿಪೇರಿ ಮಾಡಿಸಿಕೊಳ್ಳುವುದು ಗ್ರಾಹಕರ ಹಕ್ಕು ಎಂಬ ಮಾತು ಈಗ ಜೋರಾಗಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಇದಕ್ಕಾಗಿ ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲ್, ವಾಹನಗಳ ಜತೆ ಮನೆಬಳಕೆಯ ಯಂತ್ರಗಳನ್ನೂ ಸೇರಿಸಿತು. ಅದೇ ಡಿಸೆಂಬರ್‌ನಲ್ಲಿ 'ರೈಟ್ ಟು ರಿಪೇರ್' ಜಾಲತಾಣ ಬಂತು. ಕಂಪನಿಗಳು ತಮ್ಮ ಸರ್ವಿಸ್, ಬಿಡಿಭಾಗಗಳ ವಿವರವನ್ನು ಅಲ್ಲಿ ಕೊಡಬೇಕೆಂಬುದು ಉದ್ದೇಶ. ವಸ್ತು ಎಷ್ಟು ಸುಲಭವಾಗಿ ರಿಪೇರಿಯಾಗುತ್ತದೆ ಎಂದು ಅಂಕ ಕೊಡುವ ಬಗ್ಗೆ ಇನ್ನೊಂದು ಸಮಿತಿ 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ಫ್ರಾನ್ಸ್‌ನಲ್ಲಿ 2021ರಿಂದಲೇ ಕೆಲವು ಸಾಮಾನುಗಳ ಮೇಲೆ ಹತ್ತಕ್ಕೆ ಇಷ್ಟು ಎಂದು ಈ ಅಂಕ ಅಚ್ಚಾಗುತ್ತಿದೆ.

ಆದರೆ ನಮ್ಮ ವರದಿ ಮೊದಲು ಹೆಸರಿಸಿದ್ದು ಸ್ಮಾರ್ಟ್‌ಫೋನ್, ಟ್ಯಾಬ್ಲೆಟ್‌ಗಳನ್ನು. ಫೋನ್ ಬೇಕು, ಇಲ್ಲ ಅನ್ನಲ್ಲ. ಆದರೆ ಬೆಳಗ್ಗೆ ಆರಕ್ಕೆ ಚಟ್ನಿ ಅರೆಯುವಾಗ ಕೈಕೊಡುವುದು ಫೋನಲ್ಲ, ಮಿಕ್ಸಿ! ಅಡುಗೆಮನೆಯನ್ನು ಸಾಲಿನ ಕೊನೆಗೆ ನಿಲ್ಲಿಸುವ ಹಳೇ ಅಭ್ಯಾಸ ಇಲ್ಲೂ ಬರಬಾರದು ಅಲ್ವಾ?

ಸಣ್ಣ ಊರಿನವರಿಗೆ ಇದರ ಬಿಸಿ ಹೆಚ್ಚು. ಕಂಪನಿಯ ಸರ್ವಿಸ್ ಸೆಂಟರ್ ಅಂದರೆ ಬಹುಪಾಲು ಮೈಸೂರಿನ ದಾರಿ. ಹುಣಸೂರಿನಿಂದ ಸುಮಾರು 45 ಕಿಲೋಮೀಟರ್, ಪಿರಿಯಾಪಟ್ಟಣದಿಂದ ಇನ್ನೂ ದೂರ. 2023ರ ಜೂನ್‌ನಲ್ಲಿ ಶುರುವಾದ 'ಶಕ್ತಿ' ಯೋಜನೆಯಿಂದ ಬಸ್ ಚಾರ್ಜ್ ಉಳಿಯಬಹುದು, ಆದರೆ ಹೋಗಿ ಬರುವ ಒಂದು ದಿನ ಉಳಿಯುತ್ತಾ? "ಪಾರ್ಟ್ ಬಂದಿಲ್ಲ, ಮುಂದಿನ ವಾರ ಬನ್ನಿ" ಅಂದರೆ ಇನ್ನೊಂದು ದಿನ.

ನೀವು ಮಾಡಬಹುದಾದದ್ದು

* ಮೆಷಿನ್ನಿನ ತಳದಲ್ಲೋ ಹಿಂಬದಿಯಲ್ಲೋ ಇರುವ ಪಟ್ಟಿಯ ಫೋಟೊ ಇಟ್ಟುಕೊಳ್ಳಿ. ಕಂಪನಿ ಹೆಸರಷ್ಟೇ ಸಾಲದು, ಮಾಡೆಲ್ ನಂಬರ್ ಬೇಕು. ಅಂಗಡಿಗೆ ಹೋಗುವ ಮೊದಲು ಫೋನಿನಲ್ಲೇ ಭಾಗ ಇದೆಯಾ ಎಂದು ಕೇಳಿ.

* ಬ್ಲೇಡ್ ಹುಡುಕುವಾಗ ಬ್ರೆಡ್ ಪಾತ್ರೆಯನ್ನೂ ತಗೊಂಡು ಹೋಗಿ. ಅದರ ನಡುವಿನ ಕಡ್ಡಿ ಪೂರ್ತಿ ಗುಂಡಗಿದೆಯಾ, ಒಂದು ಬದಿ ಚಪ್ಪಟೆಯಾ ಎಂಬುದರ ಮೇಲೆ ಬ್ಲೇಡಿನ ತೂತು ಹೊಂದಬೇಕು. ಒಂದು ಸಣ್ಣ ಅಳತೆ ತಪ್ಪಿದರೂ ಕೂರುವುದಿಲ್ಲ.

* ಮೋಟಾರ್ ಗುಂಯ್‌ಗುಡುತ್ತದೆ, ಬ್ಲೇಡ್ ಮಾತ್ರ ತಿರುಗುವುದಿಲ್ಲ ಅಂದರೆ ಬೆಲ್ಟ್ ಸಡಿಲವಾಗಿರಬಹುದು. ಹಳೆಯ ಬೆಲ್ಟ್ ಬಿಸಾಡಬೇಡಿ. ಅದರ ಉದ್ದ, ಅಗಲ, ಹಲ್ಲುಗಳ ಲೆಕ್ಕ ನೋಡಿ ಸರಿಹೊಂದುವುದನ್ನು ಹುಡುಕಬಹುದು.

* ಬ್ರೆಡ್ ಪಾತ್ರೆಯನ್ನು ನೀರಲ್ಲಿ ಮುಳುಗಿಸಿಡಬೇಡಿ. ತಳದ ಸೀಲ್ ಹಾಳಾಗಿ ಸೋರತೊಡಗುತ್ತದೆ. ಪಾತ್ರೆಯ ಒಳಗಷ್ಟೇ ಬಿಸಿನೀರು ಹಾಕಿಟ್ಟು ತೊಳೆಯಿರಿ.

* ಮೆಷಿನ್ ಬಿಸಿಯಾಗದಿದ್ದಾಗ "ಫ್ಯೂಸ್ ತೆಗೆದು ಡೈರೆಕ್ಟ್ ಮಾಡಿಕೊಡ್ತೀನಿ" ಅಂದರೆ ಖಂಡಿತ ಬೇಡ ಅನ್ನಿ. ಆ ಫ್ಯೂಸ್ ಇರುವುದೇ ಬೆಂಕಿ ಹತ್ತದಿರಲಿ ಎಂದು.

* ಅಮೆರಿಕದ ಮೆಷಿನ್ 120 ವೋಲ್ಟಿನದು, ನಮ್ಮಲ್ಲಿರುವುದು 230. ನೇರ ಪ್ಲಗ್ ಹಾಕಿದರೆ ಸುಟ್ಟೇ ಹೋಗುತ್ತದೆ. ಮೆಷಿನ್ನಿನ ವ್ಯಾಟ್‌ಗಿಂತ ಹೆಚ್ಚು ಸಾಮರ್ಥ್ಯದ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

* ಬ್ಲೇಡ್ ಸಿಗಲೇ ಇಲ್ವಾ? ಬರೀ ಬೇಯಿಸುವ ಗುಂಡಿ ನಿಮ್ಮ ಮೆಷಿನ್ನಿನಲ್ಲಿದ್ದರೆ, ಹಿಟ್ಟನ್ನು ಕೈಯಲ್ಲಿ ನಾದಿ, ಅದೇ ಪಾತ್ರೆಯಲ್ಲಿ ಉಬ್ಬಲು ಬಿಟ್ಟು ಬೇಯಿಸಿ.

ಇಲ್ಲೇ ಕೊಂಡ ವಸ್ತುವಾದರೆ ಬಿಲ್ ಮತ್ತು ವಾರಂಟಿ ಕಾರ್ಡ್ ಜೋಪಾನ. ವಾರಂಟಿ ಇದ್ದೂ ಓಡಾಡಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಹೇಳಿಕೊಳ್ಳಬಹುದು. ಅದಕ್ಕೂ ಬಗ್ಗದಿದ್ದರೆ 2019ರ ಕಾಯ್ದೆ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೇ ಬೇಕೆಂದಿಲ್ಲ. ಎರಡು ವರ್ಷದೊಳಗೆ ಕೊಡಬೇಕು ಅಷ್ಟೆ. ಹೊರದೇಶದಿಂದ ಬಂದ ಉಡುಗೊರೆಗೆ ಮಾತ್ರ ಸಾಮಾನ್ಯವಾಗಿ ಇಲ್ಲಿ ವಾರಂಟಿ ನಡೆಯುವುದಿಲ್ಲ, ನೆನಪಿರಲಿ.

ಹಬ್ಬದ ಆಫರ್ ನೋಡಿ ಅಂಗಡಿಗೆ ಹೋದಾಗ ಬೆಲೆ, ಬಣ್ಣ ಕೇಳುವ ಮೊದಲು ಒಂದು ಮಾತು ಕೇಳಿ: "ಇದರ ಪಾರ್ಟ್ ನಮ್ಮೂರಲ್ಲಿ ಸಿಗುತ್ತಾ?" ಉತ್ತರಕ್ಕೆ ಅಂಗಡಿಯವರು ತಡವರಿಸಿದರೆ ಪಕ್ಕದ ಮಾಡೆಲ್ ನೋಡಿ. ಹತ್ತು ಜನ ಹೆಂಗಸರು ಇದನ್ನೇ ಕೇಳತೊಡಗಿದರೆ ಹನ್ನೊಂದನೆಯವರು ಬರುವಷ್ಟರಲ್ಲಿ ಅಂಗಡಿಯವರೇ ಪಾರ್ಟ್ ತರಿಸಿಟ್ಟಿರುತ್ತಾರೆ!